ನೆರೆಗೆ ಗಡಿ ತಿಳಿಯದು

ಮಕ್ಕಳೇ, ದೇಶದ ಗಡಿ ದಾಟಲು ಮನುಷ್ಯರಿಗೆ ಪಾಸ್‌ಪೋರ್ಟ್ ಬೇಕು. ನದಿಗೆ? ಬೇಕಿಲ್ಲ. ಟಿಬೆಟ್‌ನಲ್ಲಿ ಹುಟ್ಟುವ ಬ್ರಹ್ಮಪುತ್ರ ಭಾರತವನ್ನು ಹಾದು ಬಾಂಗ್ಲಾದೇಶಕ್ಕೆ ಹರಿಯುತ್ತದೆ. ಆದರೆ ನದಿಯ ಬಗೆಗಿನ ಮಾಹಿತಿ ಎಷ್ಟೋ ಸಲ ಗಡಿಯಲ್ಲೇ ನಿಂತುಬಿಡುತ್ತದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ನೋಡೋಣ.

ಹಿಂದೂಕುಶ್ ಮತ್ತು ಹಿಮಾಲಯದ ಪರ್ವತ ಸಾಲು ಸುಮಾರು 3,500 ಕಿ.ಮೀ. ಉದ್ದವಿದೆ. ಅಫ್ಘಾನಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಎಂಟು ದೇಶಗಳು ಇದನ್ನು ಹಂಚಿಕೊಂಡಿವೆ. ಭೂಮಿ ಬಿಸಿಯಾಗುತ್ತಿರುವುದರಿಂದ ಇಲ್ಲಿನ ಹಿಮನದಿಗಳು ವೇಗವಾಗಿ ಕರಗುತ್ತಿವೆ. ಹಿಮನದಿ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬದ ಹಿಂದೆ ಕರಗಿದ ನೀರು ನಿಂತು ಸರೋವರವಾಗುತ್ತದೆ. ದಿಬ್ಬ ಒಡೆದರೆ ನೀರೆಲ್ಲ ಒಮ್ಮೆಲೇ ಕೆಳಗೆ ನುಗ್ಗುತ್ತದೆ. 1981ರಲ್ಲಿ ಟಿಬೆಟ್‌ನ ಅಂಥ ಒಂದು ಸರೋವರ ಒಡೆಯಿತು. ಸೇತುವೆ, ರಸ್ತೆಗಳು ಕೊಚ್ಚಿಹೋದದ್ದು ನೇಪಾಳದಲ್ಲಿ! ಸರೋವರ ಒಂದು ದೇಶದ್ದು, ನಷ್ಟ ಇನ್ನೊಂದು ದೇಶದ್ದು.

ಹೀಗಿರುವಾಗ ಒಂದೇ ದೇಶದ ವಿಜ್ಞಾನಿಗಳು ಏನು ಮಾಡಬಲ್ಲರು? ಇದನ್ನರಿತೇ ಎಂಟೂ ದೇಶಗಳು ಸೇರಿ ನಡೆಸುವ ಪರ್ವತ ಅಭಿವೃದ್ಧಿ ಕೇಂದ್ರವೊಂದು 1983ರಲ್ಲಿ ಕಠ್ಮಂಡುವಿನಲ್ಲಿ ಆರಂಭವಾಯಿತು. ಅದರ ಹೆಸರು ಇಸಿಮೋಡ್. ಜಗಳವಿರುವ ದೇಶಗಳೂ ಅದರಲ್ಲಿ ಸದಸ್ಯರು.

ಸಹಕಾರದ ಫಲ ಹೇಗಿರುತ್ತದೆ? ರಾತು ಎಂಬ ಹೊಳೆ ನೇಪಾಳದಿಂದ ಬಿಹಾರಕ್ಕೆ ಇಳಿಯುತ್ತದೆ. ಮೇಲಿನ ಊರಿನಲ್ಲಿ ನೀರಿನ ಮಟ್ಟ ತಿಳಿಸುವ ಉಪಕರಣ ಇಟ್ಟರು. ನೀರು ಏರಿದರೆ ಅಲ್ಲಿನವರು ಕೆಳಗಿನ ಊರಿಗೆ ಫೋನ್ ಮಾಡಬೇಕು. 2017ರ ನೆರೆಯಲ್ಲಿ ಈ ಫೋನ್ ಕರೆಯಿಂದಾಗಿ ಗಡಿಯಾಚೆಯ ಬಿಹಾರದ ಜನರಿಗೆ ಮುಂಚೆಯೇ ಎಚ್ಚರಿಕೆ ಸಿಕ್ಕಿತು.

"ನೀರಿನ ಲೆಕ್ಕ ಕೊಟ್ಟರೆ ನಮ್ಮ ಗುಟ್ಟು ಬಯಲಾಗುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಣೆಕಟ್ಟು, ನೀರಿನ ಪಾಲು ಎಂದರೆ ದೇಶಗಳ ನಡುವೆ ಅನುಮಾನ ಇರುವುದು ನಿಜ. ಆದರೆ ಚಂಡಮಾರುತಗಳ ವಿಷಯದಲ್ಲಿ ನೋಡಿ. ದೆಹಲಿಯ ಹವಾಮಾನ ಕೇಂದ್ರ ನೆರೆಯ ದೇಶಗಳಿಗೂ ಮುನ್ಸೂಚನೆ ಕೊಡುತ್ತದೆ. ಚಂಡಮಾರುತಗಳಿಗೆ ಎಲ್ಲ ದೇಶಗಳೂ ಸೇರಿ ಹೆಸರಿಡುತ್ತವೆ. 2018ರಲ್ಲಿ ಆಂಧ್ರ, ಒಡಿಶಾಗಳಿಗೆ ಅಪ್ಪಳಿಸಿದ 'ತಿತ್ಲಿ'ಗೆ ಹೆಸರು ಕೊಟ್ಟದ್ದು ಪಾಕಿಸ್ತಾನ. ತಿತ್ಲಿ ಎಂದರೆ ಚಿಟ್ಟೆ. ಸಮುದ್ರದ ಗಾಳಿಯ ಬಗ್ಗೆ ಮಾತಾಡಿಕೊಳ್ಳುವವರು ಪರ್ವತದ ನೀರಿನ ಬಗ್ಗೆ ಏಕೆ ಮಾತಾಡಬಾರದು? ಕನಿಷ್ಠ ಪಕ್ಷ ನೆರೆಯ ಎಚ್ಚರಿಕೆಯನ್ನಾದರೂ ತಡಮಾಡದೆ ಕೊಡಲೇಬೇಕು. ಜಗಳ ನಾಳೆಯೂ ಆಡಬಹುದು, ನೆರೆ ನಾಳೆಯವರೆಗೆ ಕಾಯುವುದಿಲ್ಲ.

ಹಿಮಾಲಯ ನಮಗೆ ದೂರ, ನಿಜ. ಆದರೆ ನಮ್ಮ ಕೃಷ್ಣೆ ಹುಟ್ಟುವುದೂ ಪಕ್ಕದ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಅಲ್ಲಿ ಎಷ್ಟು ಮಳೆಯಾಯಿತು, ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ ಮೊದಲೇ ಬಂದರೆ ಬೆಳಗಾವಿ ಜಿಲ್ಲೆಯ ನದಿದಂಡೆಯ ಜನ ದನಕರುಗಳೊಡನೆ ಎತ್ತರದ ಜಾಗ ಸೇರಬಹುದು.

ನೀವೂ ಇದನ್ನು ಮಾಡಿ ನೋಡಬಹುದು. ನೇರ ಬದಿಯ, ಸಮತಟ್ಟು ತಳದ ಡಬ್ಬಿಯೊಂದನ್ನು ಶಾಲೆಯ ಬಯಲಿನಲ್ಲಿಡಿ. ದಿನವೂ ಅದರಲ್ಲಿ ನಿಂತ ಮಳೆನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆದಿಡಿ, ಅಳೆದ ಮೇಲೆ ನೀರು ಚೆಲ್ಲಿ. ಪಕ್ಕದ ಊರಿನ ಶಾಲೆಯೂ ಹೀಗೆ ಮಾಡಲಿ. ತಿಂಗಳ ಕೊನೆಗೆ ಎರಡೂ ಪಟ್ಟಿಗಳನ್ನು ಜೊತೆಗಿಡಿ. ನಿಮ್ಮೊಬ್ಬರ ಪಟ್ಟಿಯಲ್ಲಿ ಕಾಣದ ಸಂಗತಿಗಳು ಆಗ ಕಾಣಿಸುತ್ತವೆ.