ಗಡಿ ದಾಟುವ ಹಿಡಿ ಪುಡಿ

ರಾಯಚೂರು, ಯಾದಗಿರಿ ಸೀಮೆಯಲ್ಲಿ ಸಿ.ಎಚ್. ಪುಡಿಯ ಹೆಸರನ್ನು ಕೇಳದವರು ವಿರಳ. ಕ್ಲೋರಲ್ ಹೈಡ್ರೇಟ್ ಎಂಬ ಈ ನಿದ್ರೆಯ ಮದ್ದನ್ನು ನೀರಿನಲ್ಲಿ ಕದಡಿ ಸೇಂದಿಯೆಂದು ಮಾರುವ ದಂಧೆ ಹಳೆಯದು. ಅದಕ್ಕೆ ಮೂಟೆಗಳು ಬೇಕು. ಅನಂತರ ಬಂದ ಆಲ್ಪ್ರಜೋಲಮ್ಮಿಗೆ ಕೈಚೀಲ ಸಾಕು. ಗುಳಿಗೆಯೊಂದಕ್ಕೆ ಅರ್ಧ ಮಿಲಿಗ್ರಾಂ ಎಂದರೂ ಒಂದು ಕಿಲೋ ಪುಡಿ 20 ಲಕ್ಷ ಗುಳಿಗೆಗಳಿಗೆ ಸಮ!

ತೆಲಂಗಾಣದಿಂದ ಗುರುಮಠಕಲ್ ಮಾರ್ಗವಾಗಿ ಯಾದಗಿರಿಗೆ, ಅಲ್ಲಿಂದ ಭೀಮೆಯನ್ನು ದಾಟಿ ಶಹಾಪುರ, ಸುರಪುರಗಳಿಗೆ ಸಾಗುವ ವಾಹನಗಳಲ್ಲಿ ಇಂಥ ಚೀಲವೊಂದಿದ್ದರೆ ಬರಿಗಣ್ಣಿಗೆ ಹೇಗೆ ಕಂಡೀತು?

ವಿಜ್ಞಾನದಲ್ಲಿ ಉಪಾಯವುಂಟು. ರಾಮನ್ ಪರಿಣಾಮವನ್ನು ಆಧರಿಸಿದ ಕೈಯಂತ್ರವು ಪಾರದರ್ಶಕ ಪೊಟ್ಟಣವನ್ನು ಬಿಚ್ಚದೆಯೇ ಒಳಗಿನ ಪುಡಿಯನ್ನು ಗುರುತಿಸಬಲ್ಲದು. ಚೀಲವನ್ನು ಒರೆಸಿದ ಬಟ್ಟೆಯ ಚೂರಿನಿಂದಲೇ ಲವಲೇಶವನ್ನು ಪತ್ತೆಹಚ್ಚುವ ಯಂತ್ರಗಳೂ ಇವೆ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲವಾದ ಫೆಂಟಾನಿಲ್ಲನ್ನು ಅಮೆರಿಕದ ಗಡಿಗಳಲ್ಲಿ ಶೋಧಿಸಲು ಇಂಥವೇ ಸಾಧನಗಳು ನೆರವಾಗುತ್ತಿವೆ. ಅಂತಿಮ ನಿರ್ಣಯ ಮಾತ್ರ ಪ್ರಯೋಗಾಲಯದ್ದೇ.

ಆದರೆ ಪುಡಿಯನ್ನು ಹಿಡಿದರಷ್ಟೇ ಸಾಲದು. 2015ರಲ್ಲಿ ನಿಜಾಮಾಬಾದಿನಲ್ಲಿ ಸೇಂದಿಯ ಕಲಬೆರಕೆಯನ್ನು ಹಠಾತ್ತನೆ ತಡೆದಾಗ, ಅದಕ್ಕೆ ಒಗ್ಗಿಹೋಗಿದ್ದ ಅನೇಕರು ನಡುಕ, ಸೆಳವು, ಭ್ರಮೆಗಳಿಂದ ನರಳಿ ಆಸ್ಪತ್ರೆ ಸೇರಬೇಕಾಯಿತು. ಆದ್ದರಿಂದ ಗಡಿಯಲ್ಲಿ ಚೀಲ ಸಿಕ್ಕಿದ ದಿನವೇ ಸುರಪುರದ ಆಸ್ಪತ್ರೆಗೂ ಸುದ್ದಿ ಮುಟ್ಟಬೇಕು; ಹಾಸಿಗೆ, ಔಷಧ, ವೈದ್ಯರು ಸಿದ್ಧರಿರಬೇಕು. ವಿಷವನ್ನು ತಡೆದ ಕೈಯೇ ಅದಕ್ಕೆ ದಾಸನಾದ ಬಡವನನ್ನೂ ಹಿಡಿದೆತ್ತಬೇಕು.