ಸೋತರೆ ಹೊಣೆ ಅವನೊಬ್ಬನದೇ?

ದಡದಲ್ಲಿ ನಿಂತು ನೋಡುವವನಿಗೆ ಈಜು ಬಲು ಸುಲಭವಾಗಿ ಕಾಣುತ್ತದೆ. ಆಟದ ಬಯಲಿನ ಸುತ್ತ ನಿಂತವರ ಪಾಡೂ ಹಾಗೆಯೇ. ಗೆದ್ದಾಗ ಹೆಗಲ ಮೇಲೆ ಹೊತ್ತು ಮೆರೆಸುವ ಜನರೇ ಸೋತ ಮರುಗಳಿಗೆಯಲ್ಲಿ “ಎಲ್ಲವೂ ಇವನಿಂದಲೇ ಹಾಳಾಯಿತು” ಎಂದು ಬೆರಳು ತೋರಿಸುತ್ತಾರೆ. ಈ ಸ್ವಭಾವ ಒಂದು ಊರಿನದಲ್ಲ, ಒಂದು ದೇಶದ್ದೂ ಅಲ್ಲ. ಅದನ್ನು ವಿಚಾರ ಮಾಡಿ ನೋಡಲು ಅಮೆರಿಕದ ಕಾಲೇಜು ಫುಟ್‌ಬಾಲ್ ಒಂದು ಒಳ್ಳೆಯ ಉದಾಹರಣೆಯೆಂದು ಹತ್ತನೆಯ ತರಗತಿಯವರಾದ ನಮಗೆ ತೋರುತ್ತದೆ.

ಫುಟ್‌ಬಾಲ್ ಎಂದರೆ ಕಾಸರಗೋಡಿನವರಾದ ನಮಗೆ ಕಾಲಿನಿಂದ ಆಡುವ ಆಟ. ಅಮೆರಿಕದವರ ಫುಟ್‌ಬಾಲ್ ಬೇರೆ. ಅಲ್ಲಿ ಎರಡು ತುದಿ ಚೂಪಾದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಾಲೇಜುಗಳ ನಡುವಣ ಮೊದಲನೆಯ ಪಂದ್ಯ 1869ರ ನವೆಂಬರ್ 6ರಂದು ನಡೆಯಿತು. ಅದರಲ್ಲಿ ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 6-4ರಿಂದ ಸೋಲಿಸಿತು. ಇಂದು ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಜನರು ಕುಳಿತು ಪಂದ್ಯ ನೋಡಬಹುದು. ಅಷ್ಟು ಮಂದಿಯ ಕಣ್ಣೂ ನೆಟ್ಟಿರುವುದು ಒಬ್ಬನ ಮೇಲೆ. ಅವನೇ ಕ್ವಾರ್ಟರ್‌ಬ್ಯಾಕ್.

ಚೆಂಡು ಕೈಯಲ್ಲಿರುವ ತಂಡಕ್ಕೆ ಆಕ್ರಮಣ ಪಡೆ ಎನ್ನೋಣ. ಅದರಲ್ಲಿ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳೊಳಗೆ ಅವರು ಹತ್ತು ಗಜ ಮುಂದೆ ಸಾಗಬೇಕು. ಪ್ರತಿ ಸಲವೂ ಚೆಂಡು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕನ ಕೈಗೇ ಮೊದಲು ಬರುತ್ತದೆ. ಅದನ್ನು ಓಟಗಾರನಿಗೆ ಕೊಡಬೇಕೇ, ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ನಿಶ್ಚಯಿಸಬೇಕು. ಆ ಎರಡು ಮೂರು ಸೆಕೆಂಡುಗಳನ್ನು ಅವನಿಗೆ ಗಳಿಸಿಕೊಡುವವರು ಮುಂದೆ ಸಾಲುಗಟ್ಟಿ ನಿಂತ ಐದು ಮಂದಿ ದಾಂಡಿಗರು. ಮೈಮೇಲೆ ಬೀಳುವ ಎದುರಾಳಿಗಳನ್ನು ತಡೆಯುವುದೇ ಅವರ ಕೆಲಸ. ಅವರು ಚೆಂಡನ್ನು ಹಿಡಿದು ಓಡುವುದು ಬಲು ಅಪರೂಪ. ಅವರ ಹೆಸರು ಹೇಳಿ ಜನ ಕೂಗುವುದೂ ಅಪರೂಪ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಹಿಮ್ಮೇಳದಲ್ಲಿ ತಾಳ ತಪ್ಪಿದರೆ ಎಂಥ ವೇಷಧಾರಿಯ ಹೆಜ್ಜೆಯೂ ತಪ್ಪುತ್ತದೆ. ಆದರೆ ಬೆಳಕು ಬೀಳುವುದು ವೇಷದ ಮೇಲೆ. ಆದ್ದರಿಂದ ಬೈಗುಳವೂ ವೇಷಕ್ಕೇ!

ಇದಕ್ಕೆ ಜೋ ಬರೋ ಎಂಬವನ ಸಾಧನೆಯೇ ಸಾಕ್ಷಿ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮುಖ್ಯ ಆಟಗಾರನ ಸ್ಥಾನ ದೊರೆಯದೆ ಅವನು 2018ರಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದನು. ಆ ವರ್ಷ ಅವನ ಎಸೆತಗಳಿಂದ ಬಂದ ಟಚ್‌ಡೌನುಗಳು 16. ಮರುವರ್ಷ, 2019ರಲ್ಲಿ, 60! ತಂಡವು ಹದಿನೈದಕ್ಕೆ ಹದಿನೈದೂ ಪಂದ್ಯಗಳನ್ನು ಗೆದ್ದಿತು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಅವನಿಗೆ ದೊರೆಯಿತು. ಒಂದೇ ವರ್ಷದಲ್ಲಿ ಅವನ ತೋಳಿನ ಬಲ ನಾಲ್ಕು ಪಟ್ಟು ಹೆಚ್ಚಿತೇ? ಇಲ್ಲ. ಅವನು ಶ್ರಮಪಟ್ಟು ಸುಧಾರಿಸಿದ್ದು ನಿಜ. ಅದರೊಡನೆ ಜೋ ಬ್ರೇಡಿ ಎಂಬ ತರಬೇತಿದಾರರು ಬಂದು ಎಸೆತದ ಆಟಕ್ಕೆ ಹೊಸ ವಿನ್ಯಾಸ ಕೊಟ್ಟರು. ಚೆಂಡು ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್‌ರಂಥ ಸಮರ್ಥರಿದ್ದರು. ಆ ವರ್ಷ ದೇಶದ ಅತ್ಯುತ್ತಮ ದಾಂಡಿಗರ ಸಾಲೆಂಬ ಪ್ರಶಸ್ತಿಯೂ ಅದೇ ತಂಡಕ್ಕೆ ಸಂದಿತು. ಬರೀ 2018ನ್ನು ನೋಡಿ ತೀರ್ಪು ಕೊಟ್ಟಿದ್ದವರು ಎಷ್ಟು ತಪ್ಪಿದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಥೆ ಇದಕ್ಕಿಂತಲೂ ಮನಮುಟ್ಟುವಂಥದು. 2018ರ ಜನವರಿ 8ರಂದು ಅಟ್ಲಾಂಟಾ ನಗರದಲ್ಲಿ ಅಲಬಾಮಾ ಮತ್ತು ಜಾರ್ಜಿಯಾ ತಂಡಗಳ ನಡುವೆ ರಾಷ್ಟ್ರೀಯ ಅಂತಿಮ ಪಂದ್ಯ. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಹತ್ತೊಂಬತ್ತು ವರ್ಷದ ಜೇಲನ್ ಹರ್ಟ್ಸ್. ಅದುವರೆಗೆ ಅವನು ಮೊದಲಿನಿಂದ ಆಡಿದ 27 ಪಂದ್ಯಗಳಲ್ಲಿ ತಂಡ ಸೋತದ್ದು ಎರಡೇ ಎರಡು. ಆದರೆ ಅಂದು ಪೂರ್ವಾರ್ಧದಲ್ಲಿ ಅವನ ಎಂಟು ಎಸೆತಗಳಲ್ಲಿ ಮೂರು ಮಾತ್ರ ಗುರಿ ಮುಟ್ಟಿದವು. ಅಲಬಾಮಾ 0-13ರಿಂದ ಹಿಂದೆ ಬಿತ್ತು. ವಿರಾಮದಲ್ಲಿ ತರಬೇತಿದಾರ ನಿಕ್ ಸೇಬನ್ ಅವನನ್ನು ಕೂರಿಸಿ, ಮೊದಲನೆಯ ವರ್ಷದ ಟುವಾ ಟಾಗೋವೈಲೋವಾನನ್ನು ಇಳಿಸಿದರು. ಟುವಾನೂ ತಪ್ಪು ಮಾಡದೆ ಇರಲಿಲ್ಲ. ಅವನ ಒಂದು ಎಸೆತ ಎದುರಾಳಿಯ ಕೈ ಸೇರಿತು. ಹೆಚ್ಚುವರಿ ಆಟದಲ್ಲಿ ಎದುರಾಳಿಗಳು ಅವನನ್ನು 16 ಗಜ ಹಿಂದೆ ಕೆಡವಿದರು. ಅದರ ಮುಂದಿನ ಎಸೆತವೇ 41 ಗಜ ಹಾರಿ ಡಿವಾಂಟಾ ಸ್ಮಿತ್‌ನ ಕೈ ಸೇರಿತು. ಅಲಬಾಮಾ 26-23ರಿಂದ ಗೆದ್ದಿತು.

ಹರ್ಟ್ಸ್‌ನ ಕಾಲ ಮುಗಿಯಿತೆಂದು ಹೇಳಿದವರು ಕಡಿಮೆಯೇನಲ್ಲ. ಆದರೆ ಅವನು ಮುನಿಸಿಕೊಂಡು ಹೊರಡಲಿಲ್ಲ. ಮುಂದಿನ ಋತುವೆಲ್ಲ ಎರಡನೆಯವನಾಗಿ ಉಳಿದು ಅಭ್ಯಾಸ ಮಾಡಿದನು, ಪದವಿಯ ಓದನ್ನೂ ಮುಗಿಸಿದನು. 2018ರ ಡಿಸೆಂಬರ್ 1ರಂದು ಅದೇ ಕ್ರೀಡಾಂಗಣದಲ್ಲಿ, ಅದೇ ಜಾರ್ಜಿಯಾದ ಎದುರು ಟುವಾ ಗಾಯಗೊಂಡಾಗ ಹರ್ಟ್ಸ್ ಕಣಕ್ಕಿಳಿದನು. 21-28ರಿಂದ ಹಿಂದಿದ್ದ ತಂಡವನ್ನು 35-28ರಿಂದ ಗೆಲ್ಲಿಸಿದನು. 2019ರಲ್ಲಿ ಓಕ್ಲಹೋಮಾದ ಪರವಾಗಿ ಆಡಿ ಹೈಸ್ಮನ್ ಪ್ರಶಸ್ತಿಯಲ್ಲಿ ಬರೋನ ನಂತರ ಎರಡನೆಯವನಾದನು. 2020ರಲ್ಲಿ ವೃತ್ತಿ ತಂಡಗಳ ಆಯ್ಕೆಯಲ್ಲಿ ಅವನಿಗೆ ದೊರೆತದ್ದು 53ನೆಯ ಸ್ಥಾನ. ಅವನೇ 2025ರ ಫೆಬ್ರವರಿ 9ರಂದು ಫಿಲಡೆಲ್ಫಿಯಾ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟು ಪಂದ್ಯದ ಶ್ರೇಷ್ಠ ಆಟಗಾರನೆನಿಸಿದನು. ಅಂದು ಅವನ 46 ಗಜದ ಎಸೆತವನ್ನು ಹಿಡಿದು ಟಚ್‌ಡೌನ್ ಗಳಿಸಿದವನು ಯಾರು? ಅದೇ ಡಿವಾಂಟಾ ಸ್ಮಿತ್!

ವಿರಾಮದಲ್ಲಿ ಅವನನ್ನು ಕೂರಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆ ಬದಲಾವಣೆಯಿಂದಲೇ ಗೆಲುವು ಬಂತು. ಆದರೆ ಆ ಹೊತ್ತಿಗೆ ಬೇರೊಬ್ಬನು ಆಡಲಿ ಎಂಬುದು ಆಟದ ನಿರ್ಧಾರ. ಇವನು ಕೆಲಸಕ್ಕೆ ಬಾರದವನು ಎಂಬುದು ಮನುಷ್ಯನ ಮೇಲಿನ ತೀರ್ಪು. ಮೊದಲನೆಯದು ತರಬೇತಿದಾರನ ಕರ್ತವ್ಯ. ಎರಡನೆಯದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಈಗ ಕಾಲ ಬದಲಾಗಿದೆ, 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಗೆ ಹಣ ಪಡೆಯಬಹುದು, ಹಣ ಪಡೆದವನು ಮಾತು ಕೇಳಬೇಡವೇ ಎಂದು ಕೆಲವರು ವಾದಿಸಬಹುದು. ಆಟವನ್ನು ವಿಮರ್ಶಿಸುವ ಹಕ್ಕು ಅಭಿಮಾನಿಗೆ ಖಂಡಿತ ಇದೆ. ಆದರೆ ವಿಮರ್ಶೆಗೂ ಒಂದು ಕ್ರಮ ಬೇಡವೇ? ಮುಂದಿನ ಸಾಲು ಎದುರಾಳಿಗಳನ್ನು ತಡೆಯಿತೇ? ಎಸೆದ ಚೆಂಡನ್ನು ಹಿಡಿಯಬೇಕಾದವನು ಸರಿಯಾದ ಜಾಗಕ್ಕೆ ಓಡಿದ್ದನೇ? ತರಬೇತಿದಾರರ ಯೋಜನೆ ಆ ಹುಡುಗನ ಶಕ್ತಿಗೆ ಒಪ್ಪುವಂತಿತ್ತೇ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆ ಕ್ವಾರ್ಟರ್‌ಬ್ಯಾಕನ ತಪ್ಪನ್ನು ಎಣಿಸಲಿ. ಆಗ ಅದು ವಿಮರ್ಶೆಯಾಗುತ್ತದೆ. ಇಲ್ಲವಾದರೆ ಬರಿಯ ಬೈಗುಳ.

ದೂರದ ದೇಶದ ಈ ಆಟವನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಏಕೆ ಬರೆದೆವೆಂದು ಪೋಷಕರು ಕೇಳಬಹುದು. ಓಣಂ ಪರೀಕ್ಷೆಯ ಅಂಕಗಳು ಮನೆಗೆ ಬಂದ ಸಂಜೆ ನಮ್ಮಲ್ಲಿ ಹಲವರು ಪೂರ್ವಾರ್ಧದ ಹರ್ಟ್ಸ್ ಆಗಿರುತ್ತೇವೆ. ನಮ್ಮ ತಪ್ಪನ್ನು ತಿದ್ದಿ, ಬೇಕಾದರೆ ಗದರಿಸಿ. ನಾವೂ ಸೋಮಾರಿತನಕ್ಕೆ ಬೇರೆಯವರನ್ನು ನೆಪ ಮಾಡಿಕೊಳ್ಳುವುದಿಲ್ಲ. ಆದರೆ ಎಂಟು ಎಸೆತಗಳಲ್ಲಿ ಐದು ತಪ್ಪಿದ್ದನ್ನು ಎಣಿಸುವಾಗ, ನಮಗೆ ಪಾಠ ಒಪ್ಪಿಸಿಕೊಂಡವರು ಯಾರು, ಓದಲು ಮನೆಯಲ್ಲಿ ಎಷ್ಟು ಹೊತ್ತು ದೊರೆಯಿತು ಎಂಬುದನ್ನೂ ಎಣಿಸಿರಿ. ಗೆಳೆಯರೇ, ನಾವೂ ಅಷ್ಟೆ: ಶಾಲೆಯ ತಂಡ ಸೋತು ಬಂದ ದಿನ ಒಬ್ಬನನ್ನೇ ಹಿಡಿದು ಹಂಗಿಸುವುದು ಬೇಡ.

ಉತ್ತರಾರ್ಧ ಇನ್ನೂ ಬಾಕಿಯಿದೆ. ಮಾರ್ಚಿಗೆ ಇನ್ನೂ ದಿನಗಳಿವೆ.