ಮನೆಯ ಗೋಡೆಯಾಚೆಗೂ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆ ಹುಡುಕಿ ನೋಡು ಎಂದು ಸೇರಿಸಲಿಲ್ಲ. ಬಹುಶಃ ಅವರು ಬೆಂಗಳೂರಿಗೆ ಬಂದಿರಲಿಲ್ಲ!

ಮಗಳು ಪಿಯುಸಿಗೆ ಸೇರಿದ ವರ್ಷ ನಾವೂ ಊರು ಬಿಟ್ಟು ಬಂದೆವು. ಕಾಲೇಜು ಜಯನಗರದಲ್ಲಿ, ನಾವು ಹಿಡಿದ ಮನೆ ಮಾತ್ರ ನಗರದಂಚಿನ ಹೊಸ ಬಡಾವಣೆಯಲ್ಲಿ. ಎರಡು ಕೋಣೆ, ಧಾರಾಳ ಗಾಳಿ ಬೆಳಕು, ಅಂಗಳದಲ್ಲಿ ತುಳಸಿಕಟ್ಟೆ. ಬಾಡಿಗೆಯೂ ಕಡಿಮೆ. ಗೆದ್ದೆವೆಂದೇ ಬೀಗಿದೆವು.

ಲೆಕ್ಕ ತಪ್ಪಿದ್ದು ಆಮೇಲೆ ತಿಳಿಯಿತು. ಎರಡು ಬಸ್ಸು ಬದಲಿಸಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವಾರಕ್ಕೆ ಆರು ದಿನವೆಂದರೆ 18 ಗಂಟೆ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ನಾನು ಗದರಿದೆ. ಅವಳು ತಲೆಯೆತ್ತದೆ ಹೇಳಿದಳು: ‘ಅಪ್ಪಾ, ದೊಡ್ಡ ಮನೆ ಬೇಡ. ಹತ್ತಿರದ ಮನೆ ಸಾಕು.’

ಆ ಮಾತು ಚುಚ್ಚಿತು. ಮನೆ ನೋಡುವಾಗ ನಲ್ಲಿ ತಿರುಗಿಸಿ ನೋಡಿದ್ದೆ, ಗೋಡೆ ತಟ್ಟಿ ನೋಡಿದ್ದೆ. ಮಗಳ ದಿನಚರಿಯನ್ನು ಮಾತ್ರ ಕೇಳಿರಲಿಲ್ಲ.

ಜಯನಗರದಲ್ಲೇ ಮಹಡಿಯ ಮೇಲೊಂದು ಪುಟ್ಟ ಮನೆ ಸಿಕ್ಕಿತು. ಬಾಡಿಗೆ ಹೆಚ್ಚು, ಕೋಣೆ ಒಂದೇ. ಊರಿನಿಂದ ತಂದಿದ್ದ ದೊಡ್ಡ ಮಂಚವನ್ನು ಮಾರಬೇಕಾಯಿತು. ಆದರೆ ಗೋಡೆಯಾಚೆ ಸಿಕ್ಕಿದ್ದೇನು ಗೊತ್ತೆ? 1948ರಲ್ಲಿ ಯೋಜನೆ ಹಾಕಿ ಆರಂಭಿಸಿದ ಬಡಾವಣೆ ಇದು. ಆಗ ರಾಜಾಜಿಯವರು ಅನಾವರಣ ಮಾಡಿದ ಅಶೋಕ ಸ್ತಂಭ ಇಂದಿಗೂ ನಿಂತಿದೆ. ನೆರಳಿನ ರಸ್ತೆ, ಉದ್ಯಾನ, ಆಟದ ಮೈದಾನ. ನಾಲ್ಕನೇ ಬ್ಲಾಕಿನಲ್ಲಿ ಮಾರುಕಟ್ಟೆ, ಬಸ್ ನಿಲ್ದಾಣ. ಅನತಿ ದೂರದಲ್ಲಿ 240 ಎಕರೆಯ ಲಾಲ್‌ಬಾಗ್. 2017ರಿಂದ ಮೆಟ್ರೊ ರೈಲೂ ಇದೆ.

ಎಲ್ಲರಿಗೂ ಇಂಥ ಬಾಡಿಗೆ ಕೈಗೆಟುಕುವುದಿಲ್ಲ, ನಿಜ. ಆದರೆ ಎಲ್ಲಿ ಮನೆ ಹಿಡಿದರೂ ಕೆಲವು ಸಂಗತಿ ಗಮನಿಸಿ. ಭಾನುವಾರ ಮಾತ್ರ ನೋಡಿ ಮುಂಗಡ ಕೊಡಬೇಡಿ. ಕೆಲಸದ ದಿನ ಬೆಳಿಗ್ಗೆ ಅಲ್ಲಿಂದ ಕಾಲೇಜಿಗೆ ಮಗುವಿನೊಡನೆ ಒಮ್ಮೆ ಬಸ್ಸಿನಲ್ಲಿ ಹೋಗಿ. ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಯವರೆಗೆ ನಡೆಯಿರಿ, ಬೀದಿದೀಪ ಉರಿಯುತ್ತದೆಯೇ? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮನೆಯೊಡೆಯರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಔಷಧಿ ಅಂಗಡಿ, ವೈದ್ಯರು, ಗ್ರಂಥಾಲಯ ಎಷ್ಟು ದೂರವೆಂದು ಬರೆದಿಟ್ಟುಕೊಳ್ಳಿ. ಉಳಿಸುವ ಬಾಡಿಗೆಯ ಪಕ್ಕದಲ್ಲೇ ಬಸ್ಸು, ಆಟೋ ಖರ್ಚನ್ನೂ ಬರೆಯಿರಿ.

ವಿದ್ಯಾರ್ಥಿಗಳೇ, ಕರಾರುಪತ್ರವನ್ನು ನೀವೂ ಓದಿ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದದ್ದು ಅದಕ್ಕೇ. ಬಿಡುವಾಗ ಸುಣ್ಣಬಣ್ಣಕ್ಕೆಂದು ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆಂಬುದು ಬಾಯಿಮಾತಿನಲ್ಲಿ ಉಳಿಯದಿರಲಿ, ಬರಹದಲ್ಲಿರಲಿ.

ನಮ್ಮ ಮಗಳು ರ‍್ಯಾಂಕ್ ಏನೂ ಗಳಿಸಲಿಲ್ಲ. ಗಣಿತದಲ್ಲಿ ಪಾಸಾದಳು; ಸಂಜೆ ಬೆಳಕಿರುವಾಗಲೇ ಮನೆ ಸೇರುತ್ತಿದ್ದಳು, ಅಮ್ಮನೊಡನೆ ಕಾಫಿ ಕುಡಿಯುತ್ತ ಹರಟುತ್ತಿದ್ದಳು. ಮಂಚ ಮಾರಿದ್ದಕ್ಕೆ ನಾವು ಮತ್ತೆಂದೂ ಕೊರಗಲಿಲ್ಲ.